ವೊಯ್ಕೊನ ಗಡ್ಡ, ಹರಳಾಗದ ಎಣ್ಣೆ

ಈ ಬೆಳಿಗ್ಗೆ ಲ್ಯುಬ್ಲ್ಯಾನ ನಗರದ ನಮ್ಮ ಪ್ರಯೋಗಶಾಲೆಯ ಮುಂದಿರುವ ಅತಿ ಗಂಭೀರ ಪ್ರಶ್ನೆ ಒಂದು ಗಡ್ಡದ್ದು, ಫ್ಲಾಸ್ಕಿನ ತಳದಲ್ಲಿ ಜೇನಿನಂತೆ ಅಂಟಿ ಕೂತಿರುವ ಎಣ್ಣೆ ಹರಳಾಗಲು ಒಲ್ಲದು, ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಕೆರೆಯುತ್ತಲೇ ಇದ್ದೇನೆ, ಕಿರ್ ಕಿರ್, ಹಲ್ಲು ಜುಮ್ಮೆನ್ನುವ ಸದ್ದು, ಆ ಗೀರಿನ ಮೇಲೆ ಮೊದಲ ಹರಳು ಬಂದು ಕೂರಬೇಕು, ಕೂರುವುದಿಲ್ಲ, ಹಿಂದೆಲ್ಲ ಹೀಗಾದರೆ ಸಹೋದ್ಯೋಗಿ ವೊಯ್ಕೊನನ್ನು ಕರೆಯುತ್ತಿದ್ದೆ, ಪಕ್ಕದ ಸ್ಟೂಲಿನಿಂದ ಎದ್ದು ಬಂದು ಫ್ಲಾಸ್ಕಿನ ಬಾಯಿಗೆ ಬಾಗಿ ಗಡ್ಡ ಕೊಡವುತ್ತಿದ್ದ, ಹಳೆಯ ಗಡ್ಡದಲ್ಲಿ ಹಳೆಯ ಹರಳುಗಳ ಧೂಳಿರುತ್ತದೆ, ಒಂದು ಕಣ ಉದುರಿದರೆ ಸಾಕು, ಮಿಕ್ಕದ್ದು ಅದನ್ನು ನೋಡಿ ಕಲಿಯುತ್ತದೆ — ನಮ್ಮ ವೃತ್ತಿಯವರೆಲ್ಲ ನಗುತ್ತ ನಂಬುವ ಮಾತು, ಬ್ರೆದಾ ಮೇಡಂ, ಗಡ್ಡ ಇರೋ ಇನ್ಯಾರನ್ನಾದ್ರೂ ಕೆಲಸಕ್ಕೆ ತಗೊಳ್ಳಿ, ಎಂದಳು ಎದುರಿನ ಮೇಜಿನ ನೇಝಾ, ಎಂದವಳು ಬಾಗಿಲ ಬಳಿಯ ಕೊಕ್ಕೆ ನೋಡಿ ತನ್ನ ಫ್ಲಾಸ್ಕಿಗೆ ಬಾಗಿದಳು, ಎರಡು ಕೊಕ್ಕೆ, ಒಂದು ನನ್ನದು, ಖಾಲಿ, ಕೋಟು ನನ್ನ ಮೈಮೇಲಿದೆ, ಇನ್ನೊಂದರಲ್ಲಿ ಅವನ ಬಿಳಿ ಕೋಟು, ಜೇಬಿನಲ್ಲಿ ನೀಲಿ ಶಾಯಿಯ ಕಲೆ, ವಸಂತದಿಂದ ಹಾಗೇ ತೂಗುತ್ತಿದೆ.

ಮೂಳೆಮಜ್ಜೆಯ ಕ್ಯಾನ್ಸರಿನ ಚಿಕಿತ್ಸೆಗೆ ವೊಯ್ಕೊನ ಗಡ್ಡ ಉದುರಿತು, ದಿಂಬಿನ ಮೇಲಿದ್ದದ್ದನ್ನು ಪುಟ್ಟ ಶೀಶೆಗೆ ತುಂಬಿ ಕೊಟ್ಟ, ಇಟ್ಕೊ ಮಾರಾಯ್ತಿ, ನಾನಿಲ್ದೇ ಇದ್ದಾಗ ಬೇಕಾಗುತ್ತೆ, ಶೀಶೆ ಡ್ರಾಯರಿನಲ್ಲಿದೆ, ಮುಚ್ಚಳ ತೆಗೆದಿಲ್ಲ, ತೆಗೆದರೆ ಅವನು ಬರುವುದಿಲ್ಲವೆಂದು ಒಪ್ಪಿದಂತೆ, ವಿಜ್ಞಾನಿಯೊಬ್ಬಳು ಯೋಚಿಸುವ ರೀತಿಯೇ ಇದು? — ಇವತ್ತು ಅವನ ವರದಿ, ಒಳ್ಳೇದಾದ್ರೆ ಅಕ್ರೋಟಿನ ಪೊತಿತ್ಸ ಕೇಕು ಹಿಡ್ಕೊಂಡು ನೇರ ಅಲ್ಲಿಗೇ ಬರ್ತೀನಿ, ಕೆಟ್ಟದಾದ್ರೆ ಫೋನ್ ಮಾಡ್ತೀನಿ, ಎಂದಿದ್ದಾನೆ, ಫೋನು ಮೇಜಿನ ಮೇಲೆ ಕಪ್ಪಗೆ ಮಲಗಿದೆ, ಹಾಗೇ ಮಲಗಿರು, ಅವನು ದಿನಾ ನುಂಗುವ ಮಾತ್ರೆಯೂ ನಾನು ಈ ಫ್ಲಾಸ್ಕಿನಲ್ಲಿ ಕಟ್ಟುತ್ತಿರುವ ಅಣುವಿನ ಒಂದು ತುದಿಯೂ ದಾಯಾದಿಗಳು, ಆ ತುದಿ ಜೀವಕೋಶದ ಕಸ ಸಾಗಿಸುವವನನ್ನು ಹಿಡಿಯುತ್ತದೆ, ಇನ್ನೊಂದು ತುದಿ ಕೆಟ್ಟ ಪ್ರೋಟೀನನ್ನು, ನಡುವಿನ ಕೊಂಡಿ ಮಾತ್ರ ನನ್ನ ಕೆಲಸ, ಗಿಡ್ಡವಾದರೆ ಎರಡೂ ತಲೆ ಡಿಕ್ಕಿ ಹೊಡೆಯುತ್ತವೆ, ಉದ್ದವಾದರೆ ಒಂದಕ್ಕೊಂದು ಸಿಗದೆ ಅಲೆಯುತ್ತವೆ, ನಾನು ಮಾಡಿದ್ದೆಲ್ಲ ಉದ್ದ, ಸ್ವಲ್ಪ ಹತ್ರ ತಾ ಬ್ರೆದಾ, ನೀನು ಎಲ್ಲಾನೂ ಯಾಕಿಷ್ಟು ದೂರ ಇಡ್ತೀಯ, ಎಂದಿದ್ದ ವೊಯ್ಕೊ ಒಮ್ಮೆ, ಆಗ ಕೊಂಡಿಯ ಮಾತೆಂದೇ ತಿಳಿದು ಒಂದು ತುಂಡು ಕಡಿಮೆ ಮಾಡಿದೆ, ನನ್ನ ಸ್ಟೂಲು ಮಾತ್ರ ಇದ್ದಲ್ಲೇ ಇತ್ತು, ಕಿಟಕಿಯಾಚೆ ಮಂಜು, ನದಿ ಕಾಣುವುದಿಲ್ಲ, ಕಿರ್ ಕಿರ್, ಡ್ರಾಯರು ಎಳೆದೆ, ಶೀಶೆ ಅಂಗೈಯಲ್ಲಿ ತಣ್ಣಗೆ, ಮತ್ತೆ ಕೋಟು, ಮತ್ತೆ ನೀಲಿ ಕಲೆ, ಇಲ್ಲ, ಶೀಶೆ ಒಳಗೇ ಇರಲಿ, ಇನ್ನೊಂದಿಷ್ಟು ಕೆರೆಯುತ್ತೇನೆ — ಹಿಂದಿನಿಂದ ಬೆಣ್ಣೆ, ಅಕ್ರೋಟಿನ ವಾಸನೆ, ನೇಝಾ ಸ್ಟೂಲು ತಳ್ಳಿ ಎದ್ದ ಸದ್ದು, ನಾನು ತಿರುಗುವುದಿಲ್ಲ, ತಿರುಗಿದರೆ ಅಳು ಬಂದೀತು, ಸರಿ ಮಾರಾಯ್ತಿ, ಗಾಜು ತೂತಾಗುತ್ತೆ, ಎಷ್ಟೂಂತ ಕೆರೀತೀಯ, ನನ್ನ ಭುಜದ ಮೇಲಿನಿಂದ ಒಂದು ಮುಖ ಫ್ಲಾಸ್ಕಿನ ಬಾಯಿಗೆ ಬಾಗುತ್ತದೆ, ಕೂದಲೆಂದು ಕರೆಯಲೂ ಸಂಕೋಚವಾಗುವಷ್ಟು ಬಿಳಿ ಚಿಗುರು ನನ್ನ ಕೆನ್ನೆಗೆ ತಾಕುತ್ತದೆ, ಅವನು ಶ್ರದ್ಧೆಯಿಂದ ಗದ್ದ ಕೊಡವುತ್ತಾನೆ, ನಾವಿಬ್ಬರೂ ಕಾಯುತ್ತೇವೆ, ಎಣ್ಣೆ ಎಣ್ಣೆಯಾಗಿಯೇ ಇದೆ, ಬಾಗಿಲ ಕಡೆ ನೋಡುತ್ತೇನೆ, ಎರಡು ಕೊಕ್ಕೆ, ಕೋಟಿಲ್ಲ, ಅವನು ತೊಟ್ಟ ಕೋಟಿನ ನೀಲಿ ಕಲೆ ನನ್ನ ಮೊಣಕೈಗೆ ಒತ್ತಿಕೊಂಡಿದೆ —

ಎರಡು ಕೊಕ್ಕೆ.

ಎರಡೂ ಖಾಲಿ.