ಬಾಗಿಲಾಚೆ ನಿಂತ ಕೋಚ್

ಅಕ್ಟೋಬರ್ ಮೊದಲ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಆರ್ಲಿಸ್ ಟ್ಯಾಡೆನ್ ತನ್ನ ಹಳೆಯ ಬ್ಯೂಯಿಕ್ ಕಾರನ್ನು ಅಂಗಳದಿಂದ ಹೊರತೆಗೆದಳು. ಪಕ್ಕದಲ್ಲಿ ಮೊಮ್ಮಗಳು ಮಾರೆನ್ ಕೂತಿದ್ದಳು. ಅಮೆರಿಕದ ಅಯೋವಾ ರಾಜ್ಯದ ಉತ್ತರ ಭಾಗದಲ್ಲಿ ಅದು ಮೆಕ್ಕೆಜೋಳದ ಕೊಯ್ಲಿನ ವಾರ. ಮಾರೆನ್‌ಳ ಅಪ್ಪ ಕೊಯ್ಲಿನ ಯಂತ್ರ ಹತ್ತಿಯಾಗಿತ್ತು, ಅಮ್ಮ ಕಾಳು ಸಾಗಿಸುವ ಲಾರಿಯಲ್ಲಿದ್ದಳು. ಹೀಗಾಗಿ ಹುಡುಗಿಯನ್ನು ಕಾಲೇಜು ನೋಡಲು ಕರೆದೊಯ್ಯುವ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು.

ಮಾರೆನ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಐದಡಿ ಐದಂಗುಲದ ಗಾರ್ಡ್, ಚೆಂಡನ್ನು ಮುಂದಕ್ಕೆ ತಂದು ಆಟ ಕಟ್ಟುವವಳು. ದೊಡ್ಡ ವಿಶ್ವವಿದ್ಯಾಲಯಗಳವರು ಯಾರೂ ಅವಳನ್ನು ನೋಡಲು ಬಂದಿರಲಿಲ್ಲ. ಬರುತ್ತಾರೆಂದು ಅವಳೂ ಕಾದಿರಲಿಲ್ಲ. ಅವಳು ಹುಡುಕುತ್ತಿದ್ದದ್ದು ಸಾವಿರ, ಸಾವಿರದೈನೂರು ವಿದ್ಯಾರ್ಥಿಗಳಿರುವ ಸಣ್ಣ ಕಾಲೇಜು. ಅಂಥ ಕಡೆ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಆಡಲೇಬೇಕು ಎನ್ನುವವರು ಮಾತ್ರ ಆಡುತ್ತಾರೆ. ಬೇಸಿಗೆಯಿಂದ ಹಲವು ಕಾಲೇಜು ಸುತ್ತಿ ಎರಡನ್ನು ಉಳಿಸಿಕೊಂಡಿದ್ದಳು. ಒಂದು ಹಾರ್ಲನ್ ರಿಜ್, ಇನ್ನೊಂದು ಈಗ ಹೊರಟಿದ್ದ ಸಾಂಡಾಲ್.

ಹಾರ್ಲನ್ ರಿಜ್‌ಗೆ ಅಜ್ಜಿಯ ಜೊತೆ ಸೆಪ್ಟೆಂಬರಿನಲ್ಲೇ ಹೋಗಿಬಂದಿದ್ದಳು. ಅಲ್ಲಿನ ಹುಡುಗಿಯರ ಜೊತೆ ಒಂದು ಗಂಟೆ ಆಡಿದ್ದಳು. ಮುಟ್ಟಿದ ಚೆಂಡೆಲ್ಲ ಬುಟ್ಟಿಗೆ ಬಿದ್ದ ದಿನ ಅದು. ಎರಡು ದಿನ ಬಿಟ್ಟು ಅಲ್ಲಿನ ಕೋಚ್ ಬ್ರಾಂಟ್ ಫೋನ್ ಮಾಡಿ, ಮೊದಲ ವರ್ಷದಿಂದಲೇ ಮೊದಲ ಐವರಲ್ಲಿ ಜಾಗ ಎಂದಿದ್ದರು. "ಕೊನೇಲಿ ಎಡಗೈಯಲ್ಲಿ ಹಾಕಿದೆಯಲ್ಲ, ಅದನ್ನ ನಾನು ನಾಲ್ಕು ವರ್ಷ ನೋಡ್ಬೇಕು" ಎಂದೂ ಹೇಳಿದ್ದರು. ಆ ಮಾತನ್ನು ಮಾರೆನ್ ಮನೆಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿ ಎರಡನೆಯ ಸುತ್ತು ಶುರುಮಾಡಿದ್ದಳು. ಅವರಿಗೆ ಸೋಮವಾರ ಉತ್ತರ ಕೊಡಬೇಕಿತ್ತು. ಅವಳ ಮಟ್ಟಿಗೆ ಪ್ರಶ್ನೆ ಒಂದೇ: ಮುಂದಿನ ನಾಲ್ಕು ವರ್ಷ ಆಡುತ್ತೇನೋ, ಬೆಂಚು ಕಾಯುತ್ತೇನೋ.

"ಅಲ್ಲಿ ತಟ್ಟೆ ಇಟ್ಕೊಂಡು ಕಾಯ್ತಿದಾರೆ," ಅಜ್ಜಿ ಹೆದ್ದಾರಿಗೆ ತಿರುಗುತ್ತ ಹೇಳಿದಳು. "ನೀನು ಇನ್ನೊಂದು ಮನೆ ಅಡುಗೆ ವಾಸನೆ ನೋಡೋಕೆ ಹೊರಟಿದೀಯ."

"ಬರ್ತೀನಿ ಅಂತ ಮಾತು ಕೊಟ್ಟಿದ್ದೆ ಕಣಜ್ಜಿ. ಈ ಕೋಚ್ ನಾಲ್ಕು ಸಲ ನಮ್ಮೂರಿಗೆ ಬಂದು ನನ್ನ ಆಟ ನೋಡಿದಾರೆ."

"ನಾಲ್ಕು ಸಲಾನಾ? ಮದುವೆಗೆ ಮುಂಚೆ ನಿಮ್ಮ ತಾತ ನನ್ನ ಆಟ ನೋಡೋಕೆ ಬಂದಿದ್ದು ಎರಡು ಸಲ. ಒಂದ್ಸಲ ನಿದ್ದೆ ಮಾಡಿಬಿಟ್ಟ."

"ನೀನು ಬುಟ್ಟಿಗೆ ಒಂದು ಚೆಂಡೂ ಎಸೀತಿರ್ಲಿಲ್ಲ. ಪಾಪ, ತಾತ ಏನು ನೋಡ್ಬೇಕು?"

ಅಜ್ಜಿ ಆಡಿದ್ದು ಅಯೋವಾ ಹುಡುಗಿಯರ ಹಳೆಯ ಆಟ. ತಂಡಕ್ಕೆ ಆರು ಜನ. ಮೂವರು ಒಂದರ್ಧದಲ್ಲಿ ನಿಂತು ಬುಟ್ಟಿಗೆ ಎಸೆಯುವವರು, ಮೂವರು ಇನ್ನರ್ಧದಲ್ಲಿ ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿರಲಿಲ್ಲ. ಅಜ್ಜಿ ತಡೆಯುವವಳು. ಹೈಸ್ಕೂಲು ಮುಗಿಯುವವರೆಗೂ ಆಡಿ, ಒಂದು ಅಂಕವನ್ನೂ ಗಳಿಸದೆ, ಸುತ್ತಲ ಊರುಗಳಲ್ಲಿ ಹೆಸರು ಮಾಡಿದವಳು.

"ತಡೆಯೋದನ್ನ ನೋಡೋಕೆ ಕಣ್ಣು ಬೇಕು," ಅಜ್ಜಿ ಹೇಳಿದಳು. "ನಿಮ್ಮ ತಾತನಿಗೆ ಇದ್ದದ್ದು ಕನ್ನಡಕ ಮಾತ್ರ."

ಸಾಂಡಾಲ್ ಕಾಲೇಜು ತಲುಪುವ ಹೊತ್ತಿಗೆ ಒಂಬತ್ತು ದಾಟಿತ್ತು. ಕೋಚ್ ಪೆಟ್ರಾ ಲಿಂಡಮನ್ ಬಾಗಿಲಲ್ಲೇ ಸಿಕ್ಕರು. ಐವತ್ತರ ಆಸುಪಾಸು, ಕತ್ತರಿಸಿದ ನರೆಗೂದಲು, ವೇಗದ ನಡಿಗೆ. ಅಜ್ಜಿ ಮನೆಯಲ್ಲಿ ಮಾಡಿ ತಂದಿದ್ದ, ಕಡಲೆಕಾಯಿ ಬೆಣ್ಣೆ ಮತ್ತು ಚಾಕೊಲೇಟಿನ ಬಾರ್‌ಗಳ ದೊಡ್ಡ ತಟ್ಟೆಯನ್ನು ಅವರ ಕೈಗಿತ್ತಳು.

"ಇದು ನನಗೋ, ತಂಡಕ್ಕೋ?"

"ತಂಡಕ್ಕೆ. ಅವರು ಬರೋದ್ರೊಳಗೆ ಎರಡು ಕಮ್ಮಿಯಾದ್ರೆ ನಾನೇನೂ ಎಣಿಸಿಲ್ಲ."

ಪೆಟ್ರಾ ಗ್ರಂಥಾಲಯ, ತರಗತಿ, ಹಾಸ್ಟೆಲುಗಳನ್ನು ತೋರಿಸಿ ಇಬ್ಬರನ್ನೂ ತಮ್ಮ ಕೋಣೆಗೆ ಕರೆದೊಯ್ದರು. ಕೂತ ಮೇಲೆ ಸುತ್ತಿ ಬಳಸಿ ಮಾತಾಡಲಿಲ್ಲ.

"ನನ್ನತ್ರ ಐದು ಜನ ಗಾರ್ಡ್‌ಗಳಿದಾರೆ ಮಾರೆನ್. ಈ ವರ್ಷ ಓದು ಮುಗಿಸಿ ಹೋಗೋಳು ಒಬ್ಬಳೇ. ಮೊದಲ ವರ್ಷ ನೀನು ಕಿರಿಯರ ತಂಡದಲ್ಲಿ ಆಡ್ತೀಯ. ಎರಡನೇ ವರ್ಷ ಏನು ಅಂತ ನನಗೆ ಗೊತ್ತಿಲ್ಲ. ಮೂರನೇ ವರ್ಷ ನೀನು ಮುಖ್ಯ ತಂಡದಲ್ಲಿ ಆಡ್ದೆ ಇದ್ರೆ ನನಗೇ ಆಶ್ಚರ್ಯ ಆಗುತ್ತೆ."

"ಮೂರನೇ ವರ್ಷಕ್ಕೆ ನಾನಿರ್ತೀನೋ ಇಲ್ವೋ," ಅಜ್ಜಿ ಅಂದಳು.

"ಇರ್ತೀರ ಬಿಡಿ. ಮೆಟ್ಟಿಲು ಹತ್ತುವಾಗ ನನಗಿಂತ ಮುಂದಿದ್ರಿ."

ಮಾರೆನ್ ನಕ್ಕಳು. ಆದರೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಅತ್ತ ಮೊದಲ ಐವರಲ್ಲಿ ಜಾಗ, ಇತ್ತ ಮೂರನೆಯ ವರ್ಷಕ್ಕೊಂದು 'ಆಶ್ಚರ್ಯ'.

ಕೋಣೆಯಿಂದ ಹೊರಬಂದಾಗ ಕಾರಿಡಾರಿನಲ್ಲಿ ತಂಡದ ನಾಯಕಿ ಡೆಸ್ಸಾ ಕ್ರೂಸಾ ಎದುರಾದಳು. ಆರಡಿ ಎತ್ತರ, ಎರಡು ಬೆರಳಿಗೆ ಬಿಳಿ ಪಟ್ಟಿ.

"ನಾವೊಂದಷ್ಟು ಜನ ಈಗ ಆಡೋಕೆ ಇಳೀತಿದೀವಿ. ಶೂ ತಂದಿದೀಯಾ?"

"ಶೂ ಅನ್ನೋ ಮಾತು ಕಿವಿಗೆ ಬಿತ್ತು," ಪೆಟ್ರಾ ಒಳಗಿನಿಂದಲೇ ಅಂದರು. "ಅಂದ್ರೆ ನಾನು ಜಾಗ ಖಾಲಿ ಮಾಡ್ಬೇಕು." ಕೋಟು ತೊಟ್ಟು, ಕೊರಳಿಗೆ ಮಫ್ಲರ್ ಸುತ್ತಿ ಹೊರಟೇಬಿಟ್ಟರು.

"ಎಲ್ಲಿಗೆ?" ಅಜ್ಜಿ ಕೇಳಿದಳು.

"ಕಾರು ನಿಲ್ಲಿಸೋ ಕಡೆಗೆ. ಅಲ್ಲಿಗಾದ್ರೆ ಚೆಂಡಿನ ಸದ್ದೂ ಕೇಳ್ಸಲ್ಲ."

ಅದು ನಿಯಮ. ಸಣ್ಣ ಕಾಲೇಜುಗಳ ಈ ದರ್ಜೆಯಲ್ಲಿ, ಸೇರಬೇಕೆಂದು ಬಂದ ಹುಡುಗಿ ತಂಡದವರ ಜೊತೆ ಸುಮ್ಮನೆ ಒಂದಾಟ ಆಡಬಹುದು. ಅದನ್ನು ಕೋಚ್ ಏರ್ಪಡಿಸುವಂತಿಲ್ಲ, ನೋಡುವಂತೆಯೂ ಇಲ್ಲ. ನೋಡಿದರೆ ಅದು ಪರೀಕ್ಷೆಯಾಗುತ್ತದೆ, ಪರೀಕ್ಷೆ ನಡೆಸಲು ಅವರಿಗೆ ಅನುಮತಿಯಿಲ್ಲ. ಅಜ್ಜಿಯರಿಗೆ ಅಂಥ ನಿರ್ಬಂಧವೇನೂ ಇರಲಿಲ್ಲ. ಆರ್ಲಿಸ್ ಒಳಾಂಗಣ ಕ್ರೀಡಾಂಗಣದ ಮೂರನೆಯ ಸಾಲಿನಲ್ಲಿ ಹೋಗಿ ಕೂತಳು.

ಆಟ ಶುರುವಾಯಿತು. ಮಾರೆನ್‌ಳ ಮೊದಲ ಎಸೆತ ರಿಂಗಿನ ಹಿಂಬದಿಗೆ ಬಡಿದು ಹೊರಬಿತ್ತು. ಎರಡನೆಯದು ಮುಂಬದಿಗೆ ಬಡಿಯಿತು. ಮೂರನೆಯದು ಯಾವುದಕ್ಕೂ ಬಡಿಯಲಿಲ್ಲ.

"ಗಾಳಿ ಜೋರಾಗಿದೆ ಇವತ್ತು," ಯಾರೋ ಅಂದರು. ಎಲ್ಲರೂ ನಕ್ಕರು. ಚೆಂಡು ಮತ್ತೆ ಮಾರೆನ್‌ಳ ಕೈಗೇ ಬಂತು. ಮತ್ತೆ ತಪ್ಪಿತು. ಪ್ರತಿ ಸಲ ತಪ್ಪಿದಾಗಲೂ ಅವಳ ಕತ್ತು ತಾನಾಗಿಯೇ ಬಾಗಿಲಿನತ್ತ ಹೊರಳುತ್ತಿತ್ತು. ಕೋಚ್ ಅಲ್ಲಿಲ್ಲ ಎಂದು ಗೊತ್ತಿದ್ದರೂ ಹೊರಳುತ್ತಿತ್ತು.

"ಯಾರನ್ನ ನೋಡ್ತಿದೀಯ ನೀನು?" ಡೆಸ್ಸಾ ಕೇಳಿದಳು.

"ಯಾರನ್ನೂ ಇಲ್ಲ."

"ಆ ಬಾಗಿಲಲ್ಲಿ ಯಾರೂ ಇಲ್ಲ ಕಣೇ. ಕೋಚ್ ಕಾರಲ್ಲಿ ಕೂತು ರೇಡಿಯೋ ಕೇಳ್ತಿರ್ತಾರೆ. ನೀನು ತಡೀಬೇಕಾದವಳು ನಿನ್ನ ಹಿಂದಿನಿಂದ ಹೋಗಿ ಬುಟ್ಟಿಗೆ ಹಾಕ್ಕೊಂಡು ಬಂದ್ಲು, ಅವಳನ್ನ ನೋಡು."

ಮಾರೆನ್ ಚೆಂಡು ಹಿಡಿದುಕೊಂಡೇ ನಿಂತಳು. ಈ ಚಾಳಿ ಅವಳಿಗೆ ಹಿಂದೆ ಇರಲಿಲ್ಲ. ಹಾರ್ಲನ್ ರಿಜ್‌ನಲ್ಲಿ ಅಂಟಿಕೊಂಡದ್ದು. ಅಲ್ಲಿನ ಒಳಾಂಗಣದ ಬಾಗಿಲಲ್ಲಿ ಅಂಗೈಯಗಲದ ಒಂದು ಗಾಜು ಇತ್ತು. ಅಲ್ಲಿನ ಹುಡುಗಿಯರು ಚೆಂಡು ಹಾಕಿದಾಗಲೂ ಅತ್ತ ನೋಡುತ್ತಿದ್ದರು, ತಪ್ಪಿದಾಗಲೂ ಅತ್ತ ನೋಡುತ್ತಿದ್ದರು. ಒಬ್ಬರ ಬಾಯಿಂದಲೂ ತಮಾಷೆಯ ಮಾತು ಬಂದಿರಲಿಲ್ಲ. ಇವರು ಗಟ್ಟಿ ಆಟಗಾರ್ತಿಯರು, ಅದಕ್ಕೇ ಹೀಗೆ ಎಂದು ಅವಳು ಭಾವಿಸಿದ್ದಳು. ಒಂದು ಗಂಟೆಯೊಳಗೆ ತಾನೂ ಹಾಗೇ ಮಾಡಲು ಶುರುಮಾಡಿದ್ದಳು. ಆ ಹೊತ್ತಿನಲ್ಲಿ ಕೋಚ್ ಬ್ರಾಂಟ್ ತಮ್ಮ ಕೋಣೆಯಲ್ಲಿರಬೇಕಿತ್ತು. ಹಾಗಿದ್ದರೆ ಕೊನೆಯಲ್ಲಿ ಎಡಗೈಯಲ್ಲಿ ಹಾಕಿದ್ದು ಅವರಿಗೆ ಹೇಗೆ ಗೊತ್ತಾಯಿತು? ಮನೆಮಂದಿಗೆಲ್ಲ ಹೇಳಿಕೊಂಡು ಬಂದಿದ್ದ ಮಾತನ್ನು ಅವಳು ಒಮ್ಮೆಯೂ ಹೀಗೆ ಯೋಚಿಸಿ ನೋಡಿರಲಿಲ್ಲ.

ಅಷ್ಟರಲ್ಲಿ ಕೈಯಲ್ಲಿದ್ದ ಚೆಂಡನ್ನು ಯಾರೋ ಕಿತ್ತುಕೊಂಡು ಓಡಿದರು.

ಆಮೇಲೂ ಅವಳ ಎಸೆತ ಸುಧಾರಿಸಲಿಲ್ಲ. ಆದರೆ ಬಾಗಿಲು ನೋಡುವುದು ನಿಂತಿತು. ತನ್ನ ಕಡೆಯ ಒಬ್ಬಳಿಗೆ ಬುಟ್ಟಿಯ ಕೆಳಗೆ ಎರಡು ಒಳ್ಳೆಯ ಪಾಸ್ ಕೊಟ್ಟಳು. ತಾನು ತಡೆಯಬೇಕಾದವಳನ್ನು ನೆರಳಿನಂತೆ ಹಿಂಬಾಲಿಸಿದಳು. ನಡುವೆ ಅಂಕದ ಲೆಕ್ಕಕ್ಕೆ ಜಗಳ ಹತ್ತಿತು. ಡೆಸ್ಸಾಳ ಕಡೆಯವರು ತಮ್ಮದು ಒಂಬತ್ತು ಎಂದರು, ಮಾರೆನ್‌ಳ ಕಡೆಯವರು ಎಂಟೇ ಎಂದರು.

"ಅಜ್ಜಿ, ನೀವೇ ಹೇಳಿ," ಡೆಸ್ಸಾ ಕೂಗಿದಳು.

"ಎಂಟು. ಒಂಬತ್ತನೆಯದು ಹಾಕೋಕೆ ಮುಂಚೆ ನೀನು ನನ್ನ ಮೊಮ್ಮಗಳ ಅಂಗಿ ಹಿಡಿದು ಎಳೆದೆ."

"ನೀವು ಅವಳ ಕಡೆಯೋರು."

"ಹೌದು. ಆದ್ರೂ ಎಳೆದೆ."

ಎಂಟು ಎಂದೇ ತೀರ್ಮಾನವಾಯಿತು. ಮಾರೆನ್‌ಳ ಕಡೆಯವರು ಹೇಗಿದ್ದರೂ ಸೋತರು. ಸೋತವರು ಗೆದ್ದವರ ನೀರಿನ ಬಾಟಲಿ ತುಂಬಿಸಿ ತರಬೇಕೆಂಬುದು ಅಲ್ಲಿನ ಪದ್ಧತಿ. ಅವಳೂ ತುಂಬಿಸಿ ತಂದಳು. ಏದುಸಿರು ಬಿಡುತ್ತಿದ್ದಳು, ಮುಖ ಕೆಂಪಾಗಿತ್ತು. ಇಷ್ಟು ಕೆಟ್ಟದಾಗಿ ಆಡಿದ ನೆನಪು ಅವಳಿಗಿರಲಿಲ್ಲ, ಇಷ್ಟು ನಕ್ಕ ನೆನಪೂ ಇರಲಿಲ್ಲ.

ಊಟದ ಕೋಣೆಯಲ್ಲಿ ಪೆಟ್ರಾ ತಮ್ಮ ತಟ್ಟೆ ಹಿಡಿದು ಅವರ ಮೇಜಿಗೆ ಬಂದರು. ಮೂಗು ಚಳಿಗೆ ಕೆಂಪಗಾಗಿತ್ತು. ಮಾರೆನ್‌ಗೆ ತಡೆಯಲಾಗಲಿಲ್ಲ.

"ಕೋಚ್, ಇವತ್ತು ನಾನು..."

"ಹೇಳ್ಬೇಡ."

"ಒಂದು ಚೆಂಡೂ..."

"ನೀನು ಹೀಗೆ ಶುರುಮಾಡಿದ್ರೆ ನಾನೆದ್ದು ಆ ಮೇಜಿಗೆ ಹೋಗ್ಬೇಕಾಗುತ್ತೆ," ಪೆಟ್ರಾ ಚಮಚದಿಂದ ತೋರಿಸಿದರು. "ಅಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಕೂತಿದಾರೆ. ಅವರ ಮೊಣಕಾಲಿನ ಆಪರೇಷನ್ ಕಥೆ ನನಗೆ ಬಾಯಿಪಾಠ ಆಗಿದೆ. ದಯವಿಟ್ಟು ನನ್ನ ಕಳಿಸ್ಬೇಡ."

"ನಿಮಗೆ ತಿಳ್ಕೊಳ್ಳೋದು ಬೇಡ್ವಾ?"

"ನಿನ್ನ ಪಂದ್ಯ ನಾಲ್ಕು ನೋಡಿದೀನಿ. ಒಂದರಲ್ಲಿ ನೀನು ಗಳಿಸಿದ್ದು ಮೂರೇ ಅಂಕ. ನಿಮ್ಮ ತಂಡ ಮುಳುಗಿಹೋಗಿತ್ತು. ಆದ್ರೂ ಆಗತಾನೇ ಒಳಗೆ ಬಂದ ಒಂದು ಸಣ್ಣ ಹುಡುಗಿಗೆ ಎಲ್ಲಿ ನಿಂತ್ಕೋಬೇಕು ಅಂತ ಕೈಹಿಡಿದು ತೋರಿಸ್ತಿದ್ದೆ. ನಾನು ನಿನ್ನನ್ನ ಕರೀಬೇಕು ಅಂದ್ಕೊಂಡಿದ್ದು ಅವತ್ತು." ಪೆಟ್ರಾ ಆಲೂಗಡ್ಡೆಯತ್ತ ತಿರುಗಿದರು. "ಈಗ ಊಟ ಮಾಡು. ಆ ಬಾರ್‌ಗಳಲ್ಲಿ ಎರಡು ಅಲ್ಲ, ಮೂರು ಕಮ್ಮಿಯಾಗಿದೆ. ಅದನ್ನ ಬೇಕಾದ್ರೆ ಹೇಳು ಎಲ್ಲರಿಗೂ."

ಮನೆಗೆ ಹೊರಟಾಗ ರಸ್ತೆಯಲ್ಲಿ ಒಂದು ಕೊಯ್ಲಿನ ಯಂತ್ರ ಎರಡೂ ಪಕ್ಕ ತುಂಬಿಕೊಂಡು ಮುಂದೆ ಸಾಗುತ್ತಿತ್ತು. ಅಜ್ಜಿ ಅದರ ಹಿಂದೆ ನಿಧಾನವಾಗಿ ಕಾರು ಬಿಟ್ಟಳು.

"ಅಜ್ಜಿ, ಹಾರ್ಲನ್ ರಿಜ್‌ನಲ್ಲಿ ಆ ಬಾಗಿಲ ಗಾಜಿನ ಹಿಂದೆ ಕೋಚ್ ಇದ್ರಾ?"

"ಇದ್ದ. ಟೋಪಿ ಕಾಣ್ತಿತ್ತು."

"ನೀನ್ಯಾಕೆ ಹೇಳ್ಲಿಲ್ಲ?"

"ನೀನು ಚೆನ್ನಾಗಿ ಆಡ್ತಿದ್ದೆ." ಅಜ್ಜಿ ಕಾರಿನ ವೇಗ ಇನ್ನಷ್ಟು ತಗ್ಗಿಸಿದಳು. "ಅಲ್ಲದೆ ನಂಗೂ ಖುಷಿಯಾಗಿತ್ತು. ನನ್ನ ಮೊಮ್ಮಗಳನ್ನ ಕದ್ದು ನೋಡೋಷ್ಟು ಆಸೆ ಇದೆ ಈ ಮನುಷ್ಯನಿಗೆ ಅಂತ."

"ನಂಗೂ ಖುಷಿಯಾಗ್ತಿತ್ತು. ಇವತ್ತು ಬೆಳಿಗ್ಗೆ ನೀನು ಹೇಳಿದ್ದಿದ್ರೆ."

"ಆದ್ರೂ ಅಲ್ಲಿ ಮೊದಲ ದಿನದಿಂದ ಆಡ್ತೀಯ. ಇಲ್ಲಿ ಎರಡು ವರ್ಷ ಬೆಂಚು ಕಾಯ್ತೀಯ. ನಿನಗೆ ಬೇಕಾಗಿದ್ದು ಆಟ ಅಂತ ನೀನೇ ಹೇಳ್ತಿದ್ದೆ."

ಮಾರೆನ್ ಕಿಟಕಿಯಾಚೆ ನೋಡಿದಳು. ಕೊಯ್ದ ಹೊಲ, ಕೊಯ್ಯದ ಹೊಲ, ಮತ್ತೆ ಕೊಯ್ದ ಹೊಲ. ಅಜ್ಜಿಯ ಮಾತು ಸರಿಯಾಗಿಯೇ ಇತ್ತು.

"ಅಲ್ಲಿರೋರು ಎಲ್ಲಾ ಮೊದಲ ದಿನದಿಂದ ಆಡ್ತಿದಾರೆ ಅಜ್ಜಿ," ಕೊನೆಗೆ ಹೇಳಿದಳು. "ಓದು ಮುಗಿಸೋ ವರ್ಷದವರೂ ಇನ್ನೂ ಬಾಗಿಲು ನೋಡ್ಕೊಂಡೇ ಆಡ್ತಿದಾರೆ. ನಂಗೆ ಒಂದು ಗಂಟೆಗೇ ಕತ್ತು ನೋವು ಬಂತು. ಕಿರಿಯರ ತಂಡ ಆದ್ರೂ ಅದೂ ಆಟಾನೇ ತಾನೆ?"

"ಆಟಾನೇ."

"ಹಾಗಿದ್ರೆ ಸಾಂಡಾಲ್."

ಯಂತ್ರ ಒಂದು ಹೊಲದೊಳಗೆ ತಿರುಗಿತು. ಅಜ್ಜಿ ವೇಗ ಹೆಚ್ಚಿಸಿದಳು.

"ಎರಡು ಗಂಟೆ ದಾರಿ," ಅಂದಳು. "ಜನವರೀಲಿ ಹಿಮ ಬಿದ್ದಾಗ ನಾನು ಬರಲ್ಲ, ಈಗಲೇ ಹೇಳ್ತೀನಿ."

"ಬರ್ತೀಯ."

"ಬರ್ತೀನಿ. ಆದ್ರೆ ಬೈಕೊಂಡು ಬರ್ತೀನಿ."

ಸೋಮವಾರ ಊಟದ ಬಿಡುವಿನಲ್ಲಿ ಮಾರೆನ್ ಕೋಚ್ ಬ್ರಾಂಟ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಅವರು ಒಳ್ಳೆಯದಾಗಲಿ ಎಂದು ಹೇಳಿ ಫೋನ್ ಇಟ್ಟರು. ಆಮೇಲೆ ಪೆಟ್ರಾರಿಗೆ ಫೋನ್ ಮಾಡಿದಳು.

ಮುಂದಿನ ವರ್ಷ ನವೆಂಬರಿನಲ್ಲಿ ಅವಳು ಸಾಂಡಾಲ್‌ನ ಕಿರಿಯರ ತಂಡದ ಪರವಾಗಿ ಮೊದಲ ಪಂದ್ಯ ಆಡಿದಳು. ಹನ್ನೊಂದು ಅಂಕ ಗಳಿಸಿದಳು. ತಂಡ ನಾಲ್ಕು ಅಂಕಗಳಿಂದ ಸೋತಿತು.