ಅಯಸ್ಕಾಂತಕ್ಕೆ ಅಂಟಿದ್ದು

ನಾಝಿಬ್ರೋಲಾಳನ್ನು ಕಂಡರೆ ತ್ಸಿಯಾಲಾಗೆ ಮೈಯೆಲ್ಲ ಉರಿ. ತ್ಬಿಲಿಸಿಯ ಆ ಪ್ರಯೋಗಾಲಯದಲ್ಲಿ ಬೋರಾನ್ ಅರೆಯುತ್ತ ತಲೆ ನರೆಸಿಕೊಂಡವಳು ತಾನು. ಅಲ್ಲಿನ ಮುಖ್ಯಸ್ಥ ಅಕಾಕಿ ಮೇಷ್ಟ್ರು ಕುರ್ಚಿ ಎಳೆದು ಕೂರಿಸುವುದು ಮಾತ್ರ ಮೊನ್ನೆ ಮೊನ್ನೆ ಬಂದ ಆ ಹುಡುಗಿಯನ್ನು!

ಈಗಂತೂ ಪೈಪೋಟಿಯೇ ಬಿದ್ದಿತ್ತು. ಇಬ್ಬರಲ್ಲಿ ಯಾರ ಪುಡಿ ಚೆನ್ನಾಗಿದೆಯೋ ಅದನ್ನು ಕರಗಿಸಿ ಹರಳು ಬೆಳೆಸುವುದು, ಪ್ರಬಂಧದಲ್ಲಿ ಅವಳ ಹೆಸರೇ ಮೊದಲು ಎಂದಿದ್ದರು ಮೇಷ್ಟ್ರು.

ಬೋರಾನ್ ಹಟಮಾರಿ. ಅದರ ಪರಮಾಣುಗಳು ಹನ್ನೆರಡು ಹನ್ನೆರಡಾಗಿ ಕೈಕೈ ಹಿಡಿದು ಗುಂಡಗೆ ಕೂರುತ್ತವೆ. ಪಕ್ಕದ ಗುಂಪಿನ ಕೈಯನ್ನೂ ಬಿಡುವುದಿಲ್ಲ. ಅರೆಯಲು ಹೋದರೆ ಉಕ್ಕಿನ ಕುಟ್ಟಾಣಿಯೇ ಸವೆದು ಪುಡಿಗೆ ಸೇರುತ್ತದೆ. ಹಾಗೇ ಕರಗಿಸಿದರೆ ಗುಂಪುಗಳ ಸಂದಿಯಲ್ಲಿ ಕಬ್ಬಿಣ ಹೊಕ್ಕು, ವಿದ್ಯುತ್ತನ್ನು ಸುಲಭಕ್ಕೆ ಹರಿಯಬಿಡದ ಹರಳಿನ ಗುಣವೇ ಕೆಡುತ್ತದೆ. ಅದಕ್ಕೇ ಪುಡಿಯನ್ನು ಆಮ್ಲದಲ್ಲಿ ತೊಳೆಯಬೇಕು, ಕಬ್ಬಿಣ ಕರಗಿ ಆಮ್ಲಕ್ಕೆ ಏರುವ ಹಳದಿ ಪೂರ್ತಿ ಹೋಗುವವರೆಗೆ. ತ್ಸಿಯಾಲಾ ಆಚೆ ಮೇಜಿನ ಮೇಲೆ ಕಣ್ಣಿಟ್ಟೇ ತೊಳೆದಳು. ನಾಝಿಬ್ರೋಲಾ ಪುಡಿ ಒಣಗಲಿಟ್ಟದ್ದು ಕಂಡದ್ದೇ ತಡ, ತನ್ನ ಆಮ್ಲದಲ್ಲಿ ಇನ್ನೂ ತೆಳು ಹಳದಿ ಇದ್ದರೂ ಇಷ್ಟು ಸಾಕು ಎಂದು ತಾನೂ ಇಟ್ಟುಬಿಟ್ಟಳು.

ಮಾರನೆಯ ಮಧ್ಯಾಹ್ನ ಚೀಸ್ ತುಂಬಿದ ರೊಟ್ಟಿ, ವೈನ್ ಬಂತು. ಮೇಷ್ಟ್ರು ಎದ್ದು ಲೋಟ ಎತ್ತಿ, ನಾಝಿಬ್ರೋಲಾಳ ಕೈಗುಣಕ್ಕೆ ಎಂದು ಉದ್ದದ ಹಾರೈಕೆ ಶುರುಮಾಡಿದರು. ತ್ಸಿಯಾಲಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು.

"ಹಾರೈಕೆ ಆಮೇಲಾಗ್ಲಿ ಮೇಷ್ಟ್ರೇ, ಮೊದ್ಲು ಪುಡಿಗೆ ಅಯಸ್ಕಾಂತ ಹಿಡೀರಿ," ಅಂದಳು. "ಅಷ್ಟು ಬೇಗ ತೊಳೆದು ಮುಗಿಸೋಕೆ ಇವಳೇನು ಕರವಸ್ತ್ರ ಒಗೀತಿದ್ಲಾ?"

ಹಿಡಿದರು. ನಾಝಿಬ್ರೋಲಾಳ ಪುಡಿ ಮಿಸುಕಲಿಲ್ಲ. ಸುತ್ತ ಕೂತವರು ನಕ್ಕರು, ಮೇಷ್ಟ್ರು ಖುಷಿಯಿಂದ ವೈನ್ ಬಗ್ಗಿಸಲು ಆಚೆ ತಿರುಗಿದರು. ಸೋಲೊಪ್ಪದ ತ್ಸಿಯಾಲಾ ಅಯಸ್ಕಾಂತ ಕಿತ್ತುಕೊಂಡು ತನ್ನ ಪುಡಿಗೆ ಹಿಡಿದಳು. ಅದರ ತುದಿಯಲ್ಲಿ ಬೂದು ಮೀಸೆ ಮೂಡಿತು.

ಮೊದಲು ಕಂಡವಳು ನಾಝಿಬ್ರೋಲಾ. ಥಟ್ಟನೆ ಅಂಗೈಯಿಂದ ಅದನ್ನು ಮುಚ್ಚಿದಳು.

"ಇನ್ನೊಂದ್ಸಲ ತೊಳೀರಿ ಅಕ್ಕ," ಎಂದು ಪಿಸುಗುಟ್ಟಿದಳು. "ನಾನು ಯಾರಿಗೂ ಹೇಳಲ್ಲ."

"ನಿಂದು ಹೇಗಿದೆ ತ್ಸಿಯಾಲಾ?" ಮೇಷ್ಟ್ರು ತಿರುಗಿ ಕೇಳಿದರು.

"ಅವಳದ್ದನ್ನೇ ಕರಗಿಸಿ," ಅಂದಳು ತ್ಸಿಯಾಲಾ.

ಹಾರೈಕೆ ಮತ್ತೆ ಮೊದಲಿನಿಂದ ಶುರುವಾಯಿತು. ಎಲ್ಲರೊಡನೆ ಅವಳೂ ಲೋಟ ಎತ್ತಬೇಕಾಯಿತು. ಆ ಹುಡುಗಿ ಗಹಗಹಿಸಿ ನಕ್ಕಿದ್ದರೂ ತ್ಸಿಯಾಲಾ ತಡೆದುಕೊಳ್ಳುತ್ತಿದ್ದಳು, ಈ ಕರುಣೆಯನ್ನು ತಡೆಯಲಾಗಲಿಲ್ಲ. ಈಗ ಅವಳನ್ನು ಬೈಯಲು ಒಂದು ನೆಪವೂ ಇಲ್ಲ, ಹೊಟ್ಟೆಕಿಚ್ಚು ಮಾತ್ರ ಇದ್ದಷ್ಟೇ ಇತ್ತು.