ಕಿವಿಗೆ ಹಾಕಿಕೊಂಡು ಓಡುವವಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಓಟದ ಸ್ಪರ್ಧೆಯ ಕಥೆಯಾದ್ದರಿಂದ ಸೀಟಿ ಊದಿದಲ್ಲಿಂದ ಶುರು ಮಾಡುವುದು ಸುಲಭ. ಆದರೆ ನನ್ನ ನಾಯಕಿ ಇನ್ನೂ ಗೆರೆಯ ಹತ್ತಿರ ನಿಂತೇ ಇದ್ದಾಳೆ. ಸೀಟಿ ಊದಬೇಕಾದವರು ಅವಳ ಜೊತೆ ಜಗಳಕ್ಕೆ ನಿಂತಿದ್ದಾರೆ. ಜಗಳಕ್ಕೆ ಕಾರಣ ಅವಳ ಕಿವಿಯಲ್ಲಿರುವ ಇಯರ್‌ಫೋನು.

(ಇದಕ್ಕೂ ಮೊದಲು ಬರೆದ ಆರಂಭಗಳನ್ನೆಲ್ಲ ಹರಿದು ಹಾಕಿದ್ದೇನೆ. ಒಂದರಲ್ಲಿ ಸೂರ್ಯ ಹುಟ್ಟುತ್ತಿದ್ದ. ನನಗೇ ನಾಚಿಕೆಯಾಯಿತು.)

ಅವಳು ಯಾರು ಎಂದು ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. ಪರದೆ ಎಳೆದ ಕತ್ತಲೆ ಕೋಣೆ, ಒಂದು ಮಂಚ, ಒಂದು ಮೆಷೀನು, ಒರೆಸಿಕೊಳ್ಳಲು ಪೇಪರಿನ ಸುರುಳಿ. ಬಂದವರನ್ನು ಎಡಮಗ್ಗುಲಿಗೆ ಮಲಗಿಸಿ ಎದೆಗೆ ತಣ್ಣಗಿನ ಜೆಲ್ ಹಚ್ಚಿ, "ಉಸಿರು ಬಿಡಿ, ಹಾಗೇ ಇರಿ" ಎನ್ನುವುದು ಅವಳ ದಿನದ ಮಾತು. ಒಂದು ಮಧ್ಯಾಹ್ನ ಯಾರೂ ಇರಲಿಲ್ಲ. ಸುಮ್ಮನಿರಲಾರದೆ ತಾನೇ ಮಂಚದ ಮೇಲೆ ಮಲಗಿ, ಕತ್ತು ತಿರುಗಿಸಿ ಮೆಷೀನಿನ ಪರದೆ ನೋಡುತ್ತ ತನ್ನ ಎದೆಯನ್ನು ತಾನೇ ಕೇಳಿಸಿಕೊಂಡಳು. ನಡುವೆ ಒಂದು ಬಡಿತ ಬರಲೇ ಇಲ್ಲ. ಮುಂದಿನದು ಬರುವ ತನಕ ಅವಳ ಕೈಕಾಲು ತಣ್ಣಗಾಗಿಹೋಗಿತ್ತು.

ದೊಡ್ಡ ಡಾಕ್ಟರು ನೋಡಿ ನಕ್ಕರು. "ಇದು ಎಷ್ಟೋ ಜನಕ್ಕೆ ಇರುತ್ತಮ್ಮ. ಓಡು, ಕುಣಿ, ಏನ್ ಬೇಕಾದ್ರೂ ಮಾಡು. ವಾಕ್ಯದ ಮಧ್ಯೆ ಅಲ್ಪವಿರಾಮ ಬಂದ ಹಾಗೆ ಇದು. ಪೂರ್ಣವಿರಾಮ ಏನಲ್ಲ."

ಅವಳು ಓಡುವುದನ್ನು ಬಿಡಲಿಲ್ಲ. ಆದರೆ ಅವತ್ತಿನಿಂದ ಹಾಡಿಲ್ಲದೆ ಓಡಲಿಲ್ಲ. ಸುತ್ತ ಸದ್ದು ನಿಂತರೆ ಸಾಕು, ಎದೆ ಕೇಳಿಸುತ್ತದೆ. ಕೇಳಿಸಿದರೆ ಆ ತಪ್ಪುವ ಬಡಿತಕ್ಕಾಗಿ ಕಾಯುತ್ತಾಳೆ. ಕಾಯುವುದೇ ಅವಳಿಗೆ ಭಯ.

೨

ಸೀಟಿ ಊದುವವರು ನಿವೃತ್ತ ಡ್ರಿಲ್ ಮಾಸ್ತರು. ಎಲ್ಲರೂ ಅವರನ್ನು ಸೀಟಿ ಮಾಸ್ತರು ಎನ್ನುತ್ತಾರೆ. ಅವರು ಬಾಯಿಂದ ಸೀಟಿ ತೆಗೆದರು.

"ತೆಗೀಮ್ಮಾ ಅದನ್ನ. ಆಗ್ಲಿಂದ ಮೈಕಲ್ಲಿ ಬಡ್ಕೋತಾ ಇದೀನಿ, ಒಬ್ರಾದ್ರೂ ಕಿವಿಗೆ ಹಾಕ್ಕೋತೀರಾ?"

"ಹಾಕ್ಕೊಂಡಿದೀನಲ್ಲ ಸರ್, ಅದಕ್ಕೇ ತಾನೆ ಬೈತಿರೋದು?"

"ತಮಾಷೆ ಬೇಡ. ರಸ್ತೆ ಪೂರ್ತಿ ಬಂದ್ ಮಾಡಿಲ್ಲ. ಹಿಂದಿನಿಂದ ಆಂಬುಲೆನ್ಸ್ ಬಂದ್ರೆ ನಿಂಗೆ ಹೇಗೆ ಕೇಳ್ಸುತ್ತೆ?"

"ಇದನ್ನ ತೆಗೆದ್ರೆ ನಂಗೆ ಬೇರೆ ಏನೋ ಕೇಳ್ಸುತ್ತೆ ಸರ್."

"ಏನು?"

ಅವಳು ಬಗ್ಗಿ ಶೂ ಲೇಸು ಬಿಗಿದುಕೊಂಡಳು. (ನಿಮಗೆ ಗೊತ್ತು. ಮಾಸ್ತರಿಗೆ ನೀವೂ ಹೇಳಬೇಡಿ.)

ನಾನು ಯಾರ ಪಕ್ಷ ಎಂದು ಕೇಳಿದರೆ, ಮಾಸ್ತರ ಪಕ್ಷ. ಯಾಕೆಂದರೆ ನಾನೂ ಹೆಡ್‌ಫೋನು ಹಾಕಿಕೊಂಡೇ ಬರೆಯುವವನು. ಈಗಷ್ಟೇ ತಿರುಗಿ ನೋಡಿದರೆ ಮೇಜಿನ ಮೇಲೆ ಚಹಾ ಇದೆ, ಕೆನೆ ಕಟ್ಟಿದೆ. ಹೆಂಡತಿ ಬಂದು ಇಟ್ಟು ಹೋಗಿರಬೇಕು. ಕರೆದಿರಲೂಬಹುದು. ಬೆನ್ನ ಹಿಂದೆ ಒಬ್ಬರು ಬಂದು, ನಿಂತು, ಹೋಗಿದ್ದಾರೆ, ನನಗೆ ಗೊತ್ತೇ ಆಗಿಲ್ಲ. ಚಹಾ ಇಡುವವರಾದ್ದರಿಂದ ಬದುಕಿದ್ದೇನೆ.

೩

ಮೊದಲ ಕರಡು ಹೀಗಿತ್ತು. ಅವಳು ಮಾಸ್ತರೆದುರು ಇಯರ್‌ಫೋನು ತೆಗೆದು ಜೇಬಿಗೆ ಹಾಕಿದಳು. ಅವರು ಸೀಟಿ ಊದಿದರು. ಗುಂಪು ಅವಳನ್ನು ಮರೆಮಾಡಿದ ಕೂಡಲೇ ಮತ್ತೆ ತೆಗೆದು ಸಿಕ್ಕಿಸಿಕೊಂಡು, ಕಾಣದ ಹಾಗೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಹಾಡು ಜೋರಾಗಿತ್ತು. ಗೋದಾಮಿನ ಪಕ್ಕದ ತಿರುವಿನಲ್ಲಿ ರಸ್ತೆ ಕಿರಿದಾಗುತ್ತದೆ. ಹಿಂದಿನಿಂದ ಆಂಬುಲೆನ್ಸ್ ಬರುತ್ತಿತ್ತು. ಎಲ್ಲರೂ ಎಡಕ್ಕೆ ಸರಿದರು, ಅವಳೊಬ್ಬಳು ನಡುವೆಯೇ ಓಡುತ್ತಿದ್ದಳು, ಮತ್ತು

"ಒಂದ್ನಿಮಿಷ ನಿಲ್ಸಿ. ರೀ ಕಥೆಗಾರ್ರೇ, ಆ ಆಂಬುಲೆನ್ಸ್ ಯಾರಿಗೆ?" ಓಡುತ್ತಿದ್ದವಳೇ ತಿರುಗಿ ನನ್ನನ್ನು ಕೇಳಿದಳು.

"ಅಂದ್ರೆ?"

"ಸುಮ್ಸುಮ್ನೆ ಬರಲ್ವಲ್ಲ ಅದು. ಯಾರೋ ಬಿದ್ದಿರ್ಬೇಕು. ಬಿದ್ದಿದ್ ಯಾರು?"

"ಅದಿನ್ನೂ ಯೋಚನೆ ಮಾಡಿಲ್ಲ."

"ನೀವು ಮಾಡದೇ ಇದ್ರೂ ನಾನ್ ಮಾಡಿದೀನಿ. ಈ ಕಥೇಲಿ ಎದೆ ಇರೋದು ನಂಗೊಬ್ಬಳಿಗೇ. ಶುರುವಲ್ಲೇ ಬರೆದಿಟ್ಟಿದೀರ. ಶುರುವಲ್ಲಿ ಕೆಮ್ಮಿದೋರು ಕೊನೇಲಿ ಸಾಯ್ತಾರೆ ಅಂತ ನಂಗೂ ಗೊತ್ತು. ನಾನೂ ಕಥೆ ಓದ್ತೀನಿ."

ಅವಳು ಹೇಳಿದ್ದು ನಿಜ. ಮಾಸ್ತರ ನಿಯಮ ಸರಿ ಎಂದು ತೋರಿಸಲು ನಾನು ಆ ಗಾಡಿ ತಂದೆ. ಅವಳ ಹಟ ಸರಿ ಎಂದು ತೋರಿಸಲು ಆ ಎದೆ ತಂದೆ. ಈಗ ಒಂದು ಇನ್ನೊಂದನ್ನು ಹುಡುಕಿಕೊಂಡು ಹೊರಟಿದೆ.

ಎದೆಯ ಮಾತನ್ನೇ ಹೊಡೆದು ಹಾಕಿ ನೋಡಿದೆ. ಆಗ ಅವಳು ಬರೀ ಮೊಂಡಿಯಾಗಿ ಕಂಡಳು. ಆಂಬುಲೆನ್ಸನ್ನು ಹೊಡೆದು ಹಾಕಿದೆ. ಮಾಸ್ತರು ಬರೀ ಕಿರಿಕಿರಿಯ ಮುದುಕರಾದರು. ಎರಡನ್ನೂ ತೆಗೆದರೆ ಉಳಿಯುವುದು ವ್ಯಾಯಾಮ. ಅಲ್ಲದೆ ನೀವು ಆಗಲೇ ಸೈರನ್ ಕೇಳಿಸಿಕೊಂಡಾಗಿದೆ. ನಿಮ್ಮ ಕಿವಿಯಿಂದ ಅದನ್ನು ವಾಪಸ್ ತೆಗೆಯುವುದು ಹೇಗೆ?

೫

(ನಾಲ್ಕು ಎಲ್ಲಿ ಎಂದು ಹುಡುಕಬೇಡಿ. ನಡುವೆ ಒಂದು ಬಿಟ್ಟುಹೋಗಿದೆ. ಗಾಬರಿ ಬೇಡ, ಎಷ್ಟೋ ಕಥೆಗಳಿಗೆ ಇರುತ್ತದೆ.)

ಎರಡನೇ ಕರಡಿನಲ್ಲಿ ಒಂದು ಉಪಾಯ ಮಾಡಿದೆ. ಅಗ್ಗದ ಉಪಾಯ, ಒಪ್ಪಿಕೊಳ್ಳುತ್ತೇನೆ. ಅರ್ಧ ದಾರಿಯಲ್ಲಿ ಅವಳ ಫೋನಿನ ಚಾರ್ಜ್ ಮುಗಿಸಿಬಿಟ್ಟೆ. ಹಾಡು ತಾನಾಗಿ ನಿಲ್ಲುತ್ತದೆ, ಅವಳೂ ಸೋಲುವುದಿಲ್ಲ, ಮಾಸ್ತರೂ ಸೋಲುವುದಿಲ್ಲ, ಕಥೆಯ ಓಟಕ್ಕೂ ಅಡ್ಡಿಯಿಲ್ಲ ಅಂದುಕೊಂಡೆ.

ಹಾಡು ನಿಂತಿತು. ಆದರೆ ಇಯರ್‌ಫೋನು ಕಿವಿಯಲ್ಲೇ ಉಳಿಯಿತು.

ಪುಸ್ತಕ ಕೆಳಗಿಟ್ಟು ಎರಡೂ ಕಿವಿಗೆ ಬೆರಳಿಟ್ಟುಕೊಳ್ಳಿ. ಹೊರಗಿನದು ಕಡಿಮೆಯಾಗುತ್ತದೆ, ಒಳಗಿನದು ಜೋರಾಗುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಅವಳ ತಲೆಯೊಳಗೆಲ್ಲ ಅವಳ ಎದೆಯೇ ಬಡಿಯತೊಡಗಿತು. ಉಸಿರು ಯಾರೋ ಹಿಂದೆಯೇ ಓಡಿ ಬರುತ್ತಿರುವಂತೆ ಕೇಳಿತು. ದಬ್, ದಬ್, ದಬ್, ಮತ್ತೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗದಲ್ಲಿ ಅವಳ ಕಾಲು ಕಟ್ಟಿಹೋಯಿತು. ರಸ್ತೆಯ ನಟ್ಟನಡುವೆ ನಿಂತಳು.

"ತೆಗಿ ಅದನ್ನ! ತೆಗಿ!" ಎಂದು ಕೂಗಿದೆ. ಕಿವಿ ಮುಚ್ಚಿದವಳಿಗೆ ನಾನು ಕೂಗಿ ಏನು ಪ್ರಯೋಜನ? ನಿಜವಾಗಿಯೂ ಹೆದರಿದೆ. ಬರೆದವನು ನಾನೇ, ತಡೆಯಲು ಮಾತ್ರ ಆಗುತ್ತಿಲ್ಲ.

ಕೊನೆಗೆ ಅವಳೇ ಕಿತ್ತು ತೆಗೆದಳು. ರಸ್ತೆ ಒಮ್ಮೆಲೇ ಒಳಗೆ ಬಂತು. ಶೂಗಳ ಸದ್ದು, ಯಾರದೋ ಜೇಬಿನಲ್ಲಿ ಬೀಗದ ಕೈ, ಕಾಲಡಿಯಲ್ಲಿ ಅಪ್ಪಚ್ಚಿಯಾಗುವ ನೀರಿನ ಪೇಪರ್ ಲೋಟ, ಮತ್ತು ಬಹಳ ಹಿಂದೆ, ಸೈರನ್.

೬

ನಿಮಗೆ ಬೇಕಾದ ಅಂತ್ಯವನ್ನು ಆರಿಸಿಕೊಳ್ಳಿ ಎನ್ನೋಣವೆಂದುಕೊಂಡಿದ್ದೆ.

ಅ) ಅವಳು ಗುರಿ ಮುಟ್ಟುತ್ತಾಳೆ. ಕೊರಳಲ್ಲಿ ನೇತಾಡುವ ವೈರು ನೋಡಿ ಮಾಸ್ತರು ಅವಳ ಓಟ ಲೆಕ್ಕಕ್ಕಿಲ್ಲ ಎನ್ನುತ್ತಾರೆ. "ಪರ್ವಾಗಿಲ್ಲ ಸರ್, ಬದುಕಿದೀನಲ್ಲ" ಎಂದು ನಗುತ್ತಾಳೆ. (ಇಷ್ಟು ಸಿಹಿ ನನಗೆ ಒಗ್ಗುವುದಿಲ್ಲ.)

ಆ) ಬರೆಯಲಾರೆ. ನೀವೇ ಊಹಿಸಿಕೊಳ್ಳಿ, ನನಗೆ ಹೇಳಬೇಡಿ.

ಇ) ಆಂಬುಲೆನ್ಸ್ ಅವಳನ್ನು ದಾಟಿ ಮುಂದೆ ಹೋಗುತ್ತದೆ. ಮುಂದೆ ಯಾರೋ ಬಿದ್ದಿದ್ದಾರೆ. ನಾವು ಅವರ ಬಗ್ಗೆ ಒಂದು ಅಕ್ಷರವನ್ನೂ ಓದಿಲ್ಲ, ಹಾಗಾಗಿ ನೋವಿಲ್ಲ.

ಮೂರನೆಯದು ನನಗೆ ಹಿಡಿಸಿತ್ತು. ಅವಳಿಗೆ ಸಿಟ್ಟು ಬಂತು.

"ಬೇರೆ ಯಾರನ್ನೋ ಬೀಳ್ಸಿ ನನ್ನ ಉಳಿಸ್ತೀರಾ? ನಾಳೆ ಅವ್ರನ್ನ ನನ್ನ ಮಂಚದ ಮೇಲೇ ತಂದು ಮಲಗಿಸ್ತಾರೆ. ಅವ್ರ ಎದೆಗೆ ಜೆಲ್ ಹಚ್ಚೋವಾಗ ನಾನ್ ಏನಂತ ಮುಖ ನೋಡ್ಲಿ?"

"ಮತ್ತೆ ಏನ್ ಮಾಡ್ಲಿ ನಾನು?"

"ಮಾತಾಡ್ತಾ ಇರಿ. ಮೆಲ್ಲಗೆ. ಹಿಂದೆ ಬರೋದು ಕೇಳ್ಬೇಕು, ಒಳಗಿಂದು ಕೇಳ್ಬಾರ್ದು. ಅಷ್ಟೇ ಸದ್ದು ಸಾಕು."

ದಾರಿಯ ಪಕ್ಕ ಸ್ಕೂಟರಿನಲ್ಲಿ ಬರುತ್ತಿದ್ದ ಮಾಸ್ತರು ಬ್ರೇಕು ಹಾಕಿದರು. "ಯಾರಮ್ಮ ಅದು, ಕಿವೀಲಿ ಮಾತಾಡ್ತಿರೋದು?"

"ಕಥೆ ಬರೆಯೋರು ಸರ್."

ಮಾಸ್ತರು ತಲೆ ಕೆರೆದುಕೊಂಡರು. ನಿಯಮದಲ್ಲಿ ಇದಕ್ಕೆ ಏನೂ ಇರಲಿಲ್ಲ. "ಹಾಡೋದಿಲ್ಲ ತಾನೆ?"

"ಇಲ್ಲ ಸರ್, ಪಾಪ, ಅವ್ರಿಗೆ ಬರಲ್ಲ."

"ಹಾಗಾದ್ರೆ ಸರಿ. ಓಡು."

೭

ಹೆಡ್‌ಫೋನು ತೆಗೆದಿಟ್ಟಿದ್ದೇನೆ. ಮಾತಾಡುತ್ತಿದ್ದೇನೆ. ಆದರೆ ಒಂದು ತೊಂದರೆ. ಪ್ರತಿ ವಾಕ್ಯದ ಕೊನೆಗೆ ಚುಕ್ಕಿ ಇಟ್ಟಾಗ ನನ್ನ ದನಿ ನಿಲ್ಲುತ್ತದೆ. ನಿಂತ ಕೂಡಲೇ ಅವಳಿಗೆ ಎದೆ ಕೇಳಿಸುತ್ತದೆ. ಅವಳ ಹೆಜ್ಜೆ ತಡವರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಹಾಗಾಗಿ ಇನ್ನು ಮೇಲೆ ಚುಕ್ಕಿ ಇಡುವುದಿಲ್ಲ, ನೀವು ಬೇಸರ ಮಾಡಿಕೊಳ್ಳಬೇಡಿ, ನೋಡು ತಾಯಿ, ಎಡಗಡೆ ಕ್ಷೌರದಂಗಡಿ, ಶಟರ್ ಅರ್ಧ ಎತ್ತಿದೆ, ಒಳಗಿಂದ ಎರಡು ಕಾಲು ಕಾಣುತ್ತಿವೆ, ಮೇಲೆ ಬಾಲ್ಕನಿಯಲ್ಲಿ ಒಬ್ಬರು ಚಾಪೆ ಕೊಡವುತ್ತಿದ್ದಾರೆ, ಧೂಳು ಬೀಳುತ್ತೆ ತಲೆ ತಗ್ಗಿಸು, ಸೈರನ್ ಗೋದಾಮಿನ ತಿರುವು ದಾಟಿತು, ಹೌದು ನನಗೂ ಕೇಳಿಸುತ್ತಿದೆ, ಯಾರಿಗೆಂದು ನನ್ನನ್ನು ಕೇಳಬೇಡ, ಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ, ಸೇತುವೆಯಾಚೆ ಗುರಿಯ ಬ್ಯಾನರಿನ ಬಟ್ಟೆ ಕಾಣುತ್ತಿದೆ, ಗಾಳಿಗೆ ಒಂದು ಕಡೆ ಬಿಚ್ಚಿಕೊಂಡಿದೆ, ಈ ಕೋಣೆ ಎಷ್ಟು ನಿಶ್ಶಬ್ದವಾಗಿದೆ ಎಂದರೆ ನನ್ನ ಎದೆಯೂ ಕೇಳುತ್ತಿದೆ, ನನ್ನದರಲ್ಲೂ ಒಂದು ತಪ್ಪಿದ ಹಾಗಾಯಿತು, ಇರಲಿ, ಎಷ್ಟೋ ಜನಕ್ಕೆ ಇರುತ್ತಂತೆ, ಹತ್ತಿರ ಬಂತು, ಎಡಕ್ಕೆ ಸರಿ, ಇನ್ನೂ ಎಡಕ್ಕೆ, ಹಾಂ, ಈಗ ನಿನ್ನ ಪಕ್ಕದಲ್ಲೇ ಇದೆ, ದಾಟಿ ಹೋಗುತ್ತಿದೆಯೋ ನಿಧಾನ ಮಾಡುತ್ತಿದೆಯೋ ಇಲ್ಲಿಂದ ತಿಳಿಯುತ್ತಿಲ್ಲ, ತಿರುಗಬೇಡ, ನಿಲ್ಲಬೇಡ, ಉಸಿರು ಬಿಡು, ಇದು ಅಲ್ಪವಿರಾಮ ಅಷ್ಟೇ, ಇದೂ, ಇದೂ,